ಬೆವರಿನ ಪೆಟ್ಟಿಗೆಗೆ ಯಾವ ಮರ ಒಳ್ಳೆಯದು?



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಸ್ವಲ್ಪ ಬಚ್ಚಲಮನೆ ಕಡೆ ಬನ್ನಿ. ಮರದ ವಿಷಯ ಹೇಳಬೇಕು. ಮರದ ವಿಷಯ ಗಂಡಸರಿಗೆ, ಬಡಗಿಗೆ ಸೇರಿದ್ದು, ನಮಗೇಕೆ ಅನ್ನಬೇಡಿ. ಮನೆಯೊಳಗೆ ಬಂದ ಮರದ ಮೇಲೆ ಕೂರುವವರು, ಅದನ್ನು ತೊಳೆಯುವವರು, ಉಳಿದ ಚೂರನ್ನು ಒಲೆಗೆ ಹಾಕುವವರು ನಾವೇ ತಾನೇ?

ನಮ್ಮ ಅತ್ತೆಗೆ ಮಂಡಿನೋವು. ಎಪ್ಪತ್ತು ದಾಟಿದ ಜೀವ, ದಿಂಡು ಹಿಡಿದೇ ಎದ್ದು ಕೂರಬೇಕು. ಕಳೆದ ವರ್ಷ ಒಂದು ಪ್ರಕೃತಿ ಚಿಕಿತ್ಸಾಲಯದಲ್ಲಿ ಹತ್ತು ದಿನ ಇಟ್ಟುಕೊಂಡಿದ್ದರು. ಅಲ್ಲಿ ಮರದ ಪೆಟ್ಟಿಗೆಯೊಳಗೆ ಕೂರಿಸಿ, ಕತ್ತು ಮಾತ್ರ ಹೊರಗಿಟ್ಟು, ಒಳಗೆ ಉಗಿ ಬಿಡುತ್ತಿದ್ದರಂತೆ. "ಮೈಯೆಲ್ಲಾ ಹತ್ತಿಯಾದ ಹಾಗಾಗಿತ್ತು ಕಣೇ" ಅಂತ ಊರಿಗೆ ಬಂದ ಮೇಲೂ ದಿನಾ ಹೇಳುವರು. ಕೇಳಿ ಕೇಳಿ ನಮ್ಮವರಿಗೆ ಹುಮ್ಮಸ್ಸು ಬಂತು. "ಅದೇನು ಮಹಾ, ಒಂದು ಪೆಟ್ಟಿಗೆ ತಾನೇ? ಮನೇಲೇ ಮಾಡಿಸಿಬಿಡೋಣ" ಅಂದರು. ಅಮ್ಮನ ಮೇಲಿನ ಪ್ರೀತಿ. ಬೇಡ ಅನ್ನೋಕೆ ನಾನ್ಯಾರು?

ಮಾರನೇ ದಿನವೇ ಹಲಗೆಗಳು ಬಂದುವು. ನಮ್ಮ ಸತ್ಯಮಂಗಲದಲ್ಲಿ ಕೈಗಾರಿಕಾ ಪ್ರದೇಶ ಇರುವುದು ನಿಮಗೆ ಗೊತ್ತು. ಯಂತ್ರಗಳು, ಬಿಡಿಭಾಗಗಳು ಬರುವ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳನ್ನು ಒಡೆದು, ಹಲಗೆಗಳನ್ನು ಅಗ್ಗಕ್ಕೆ ಮಾರುತ್ತಾರೆ. ಬೆಳ್ಳಗೆ, ಹಗುರವಾಗಿ, ನೋಡಲು ಚೆನ್ನ. ಪೈನ್ ಮರ. "ಹೊರದೇಶದಲ್ಲಿ ಬೆವರಿನ ಕೋಣೆಗೆ ಇದೇ ಮರ ಹಾಕೋದು" ಅಂತ ಕೊಟ್ಟವನು ಹೇಳಿದ್ದನಂತೆ.

ಅದು ಪೂರ್ತಿ ಸುಳ್ಳೂ ಅಲ್ಲ. ಫಿನ್‌ಲ್ಯಾಂಡ್ ದೇಶದಲ್ಲಿ ಸೌನಾ ಅಂತ ಬೆವರಿನ ಕೋಣೆ ಸಾಮಾನ್ಯವಾಗಿ ಎಲ್ಲ ಮನೆಗಳಲ್ಲೂ ಇರುತ್ತದೆ. ಕಲ್ಲು ಕಾಯಿಸಿ, ನೀರು ಚಿಮುಕಿಸಿ, 80ರಿಂದ 100 ಡಿಗ್ರಿ ಕಾವಿನಲ್ಲಿ ಕೂರುತ್ತಾರೆ. 2020ರಲ್ಲಿ ಯುನೆಸ್ಕೋದವರು ಅವರ ಈ ಪದ್ಧತಿಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿದರು. ಅಲ್ಲಿ ಗೋಡೆಗೆ ಪೈನ್, ಸ್ಪ್ರೂಸ್ ಮರ ಬಳಸುವುದುಂಟು. ಆದರೆ ಮೈ ತಾಗುವ ಕೂರುಮಣೆಗೆ ಆಸ್ಪೆನ್, ಆಲ್ಡರ್ ಎಂಬ ಮರಗಳೇ ಅವರಿಗೆ ಇಷ್ಟ. ಕಾರಣವೇನೆಂದರೆ ಪೈನ್ ಮರದ ಗಂಟುಗಳಲ್ಲಿ ರಾಳ ಇರುತ್ತದೆ. ಕಾವಿಗೆ ಅದು ಕರಗಿ ಬೆಲ್ಲದ ಪಾಕದಂತೆ ಇಳಿಯುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟೇಬಿಡುತ್ತದೆ. ಆಸ್ಪೆನ್, ಆಲ್ಡರ್‌ಗಳಲ್ಲಿ ರಾಳವಿಲ್ಲ, ಹಗುರ, ಬೇಗ ಕಾಯುವುದೂ ಇಲ್ಲ.

ಇದನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ ಬಿಡಿ. ಬೇಸಿಗೆ ಮಧ್ಯಾಹ್ನ ಅಂಗಳದಲ್ಲಿರುವ ಕಬ್ಬಿಣದ ಕುರ್ಚಿ ಮೇಲೆ ಕೂತು ನೋಡಿ, ಆಮೇಲೆ ಮರದ ಬೆಂಚಿನ ಮೇಲೆ ಕೂತು ನೋಡಿ. ಬಿಸಿಲು ಎರಡಕ್ಕೂ ಒಂದೇ, ಸುಡುವುದು ಮಾತ್ರ ಕಬ್ಬಿಣ. ಸಾರಿನ ಸೌಟಿಗೆ ಮರದ ಹಿಡಿ ಹಾಕುವುದೂ ಇದೇ ಕಾರಣಕ್ಕೆ.

ಹಾಗಾದರೆ ಆ ಹಲಗೆಗಳಿಗೆ ನಾನು ಏಕೆ ಅಡ್ಡ ಬಂದೆ? ಹೇಳುತ್ತೇನೆ ಕೇಳಿ.

ಹಲಗೆ ಒರೆಸೋಣ ಅಂತ ಒದ್ದೆಬಟ್ಟೆ ತೆಗೆದುಕೊಂಡು ಕೂತೆ. ಮೂರನೇ ಹಲಗೆಯಲ್ಲಿ ಅಂಗೈಯಗಲ ಕಪ್ಪು ಕಲೆ. ನೀರು ತಾಗಿದ ಕೂಡಲೇ ಘಾಟು ವಾಸನೆ ಬಂತು. ಯಂತ್ರದೆಣ್ಣೆಯೋ, ಇನ್ಯಾವ ರಸಾಯನವೋ, ಯಾರಿಗೆ ಗೊತ್ತು? ತಣ್ಣೀರಿಗೇ ಹೀಗಾದರೆ ಬಿಸಿ ಉಗಿಗೆ ಏನಾದೀತು? ಒಳಗೆ ಕೂರುವವರು ವಯಸ್ಸಾದ ಹೆಂಗಸು. ಮೈ ಬೆವತಿರುತ್ತದೆ, ಚರ್ಮ ನೆನೆದಿರುತ್ತದೆ, ಕಾಲು ಗಂಟೆ ಅದೇ ಹಲಗೆಗೆ ಒರಗಿರುತ್ತಾರೆ.

ಇಂತಹ ಪೆಟ್ಟಿಗೆಗಳ ಮೇಲೆ ಗೋಧಿ ತೆನೆಯಂತಹ ಒಂದು ಗುರುತು ಸುಟ್ಟು ಹಾಕಿರುತ್ತಾರೆ, ಗಮನಿಸಿ. ದೇಶದಿಂದ ದೇಶಕ್ಕೆ ಮರದ ಹುಳು ಹೋಗದಿರಲಿ ಎಂದು ಆ ಕಟ್ಟುಪಾಡು. ಗುರುತಿನ ಪಕ್ಕ ಎಚ್.ಟಿ. ಎಂದಿದ್ದರೆ ಮರವನ್ನು ಬಿಸಿಮಾಡಿ ಹುಳು ಕೊಂದಿದ್ದಾರೆ ಎಂದರ್ಥ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಗಾಳಿ ಹಾಯಿಸಿದ್ದಾರೆ. ಅಂಥದ್ದನ್ನು ಮನೆ ಕೆಲಸಕ್ಕೆ ಬಳಸದಿರುವುದೇ ಮೇಲು. ಆದರೆ ಎಚ್.ಟಿ. ಇದ್ದರೂ ಆ ಗುರುತು ಹೇಳುವುದು ಹುಳುವಿನ ವಿಷಯ ಮಾತ್ರ. ದಾರಿಯಲ್ಲಿ ಅದರ ಮೇಲೆ ಏನು ಚೆಲ್ಲಿತು ಅನ್ನುವುದನ್ನು ಯಾವ ಗುರುತೂ ಹೇಳುವುದಿಲ್ಲ.

"ಈ ಹಲಗೆ ಬೇಡಾರೀ" ಅಂದೆ. ನಮ್ಮವರಿಗೆ ಸಿಟ್ಟು ಬಂತು. "ಒಳ್ಳೇ ಕೆಲಸಕ್ಕೆ ಹೊರಟರೆ ಮೊದಲು ನಿನ್ನದೊಂದು ಅಡ್ಡಬಾಯಿ. ಅಮ್ಮನಿಗೆ ಸುಖ ಆಗೋದು ನಿನಗೆ ಬೇಡವೇನೋ!" ಅಂದುಬಿಟ್ಟರು. ಇಪ್ಪತ್ತು ವರ್ಷದಿಂದ ಅತ್ತೆಯ ಕಾಲು ಒತ್ತಿದವಳು ನಾನು. ಆ ಮಾತು ಎದೆಗೇ ನಾಟಿತು. ಒಳಗಿನಿಂದ ಅತ್ತೆ, "ನನ್ನ ಮಂಡಿಗೋಸ್ಕರ ನೀವಿಬ್ಬರು ಮಾತು ಬಿಡಬೇಡ್ರಪ್ಪಾ, ನಂಗೆ ಪೆಟ್ಟಿಗೇನೂ ಬೇಡ ಏನೂ ಬೇಡ" ಅಂದರು. ಆ ರಾತ್ರಿ ಮೂವರಿಗೂ ಊಟ ಸೇರಲಿಲ್ಲ.

ನಾನು ಓದಿದ್ದು ಹೈಸ್ಕೂಲು. ವಾದ ಮಾಡಿ ಗೆಲ್ಲುವವಳಲ್ಲ. ಬೆಳಿಗ್ಗೆ ಎದ್ದು ಆ ಕಲೆ ಬಿದ್ದ ಹಲಗೆಯ ಚೂರನ್ನು ಒಂದು ಹಳೇ ಡಬರಿಗೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿ ಜಗಲಿಯಲ್ಲಿಟ್ಟೆ. ಅರ್ಧ ಗಂಟೆ ಬಿಟ್ಟು ನಮ್ಮವರನ್ನು ಕರೆದು ಮುಚ್ಚಳ ತೆಗೆದೆ. ನೀರಿನ ಮೇಲೆ ಎಣ್ಣೆಯ ಬಣ್ಣ ಬಣ್ಣದ ಪೊರೆ, ಮೂಗಿಗೆ ಬಡಿಯುವ ವಾಸನೆ. ಅವರು ಏನೂ ಹೇಳಲಿಲ್ಲ. ಸಂಜೆ ಹೊತ್ತಿಗೆ ಹಲಗೆಗಳು ಹಿಂದಕ್ಕೆ ಹೋದವು.

ಈ ಪರೀಕ್ಷೆ ನೀವೂ ಮಾಡಬಹುದು. ಆದರೆ ಒಂದು ಎಚ್ಚರಿಕೆ. ವಾಸನೆ ಬಂದರೆ ಆ ಮರ ಬೇಡ ಅನ್ನುವುದು ನಿಜ. ವಾಸನೆ ಬಾರದಿದ್ದರೆ ಒಳ್ಳೆಯದು ಅನ್ನುವುದು ನಿಜವಲ್ಲ. ಸೀಸ, ಆರ್ಸೆನಿಕ್‌ನಂತಹ ವಿಷಗಳಿಗೆ ವಾಸನೆಯೇ ಇಲ್ಲ.

ಆಮೇಲೆ ನಮ್ಮ ಬಡಗಿ ಆಚಾರ್ರನ್ನು ಕರೆಸಿದೆವು. ಕಾಫಿ ಕುಡಿಯುತ್ತಾ ಅವರು ಹೇಳಿದ್ದನ್ನೂ, ನಾನು ಓದಿ ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತೇನೆ. ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಿ.

ಸಿಲ್ವರ್ ಓಕ್: ಕಾಫಿ ತೋಟದ ಕಡೆಯಿಂದ ಬರುವ ಮರ, ಅಗ್ಗ. "ಇದನ್ನ ಕುಯ್ದ ದಿನ ರಾತ್ರಿಯೆಲ್ಲಾ ಕೈ ಕೆರೀತೀನಿ ಅಕ್ಕಾ" ಅಂದರು ಆಚಾರ್ರು. ಈ ಮರದಲ್ಲಿ ಚರ್ಮಕ್ಕೆ ಆಗದ ಒಂದು ಅಂಶವಿದೆ. ಅದು ಗೇರಿನ ಸೊನೆಯ ಜಾತಿಗೆ ಸೇರಿದ್ದು. ಮೈ ತಾಗುವ ಕಡೆ ಬೇಡ.

ಗೇರಿನ ಜಾತಿಯ ಮರಗಳು: ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಕಾಯಿ ನೆನಪಿದೆಯೇ? ಆ ಮರದ ಸೊನೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ. ಮಲೆನಾಡಿನಲ್ಲಿ ಇದರ ಬಂಧುಗಳಾದ ಕಾಡುಮರಗಳನ್ನು ಕಡಿಯಲು ಕೂಲಿಯವರು ಹೆದರುತ್ತಾರೆ. ಪೆಟ್ಟಿಗೆಗೂ ಬೇಡ, ಒಲೆಗೂ ಬೇಡ. ಇವುಗಳ ಹೊಗೆಯೂ ಕೆಟ್ಟದ್ದು. ಮಾವೂ ಇದೇ ಕುಟುಂಬದ್ದು. ಅದರ ಸೊನೆ ಕೆಲವರಿಗೆ ಆಗುವುದಿಲ್ಲ. ಅಲ್ಲದೆ ನೀರಿಗೆ ಮಾವಿನ ಹಲಗೆ ಬೇಗ ಕೊಳೆಯುತ್ತದೆ.

ಬೀಟೆ: ಅಂದವಾದ ಮರ. ಆದರೆ ಕೆಲವರಿಗೆ ಇದು ತಾಗಿದರೆ ಚರ್ಮ ಕೆಂಪಾಗಿ ಕಜ್ಜಿಯಾಗುತ್ತದೆ. ಬೆಲೆಯೂ ಜಾಸ್ತಿ, ಕಡಿಯುವುದಕ್ಕೆ ಅರಣ್ಯ ಇಲಾಖೆಯ ಕಟ್ಟುಪಾಡೂ ಉಂಟು.

ಸಾಗುವಾನಿ: ನೀರಿಗೆ, ಗೆದ್ದಲಿಗೆ ಜಗ್ಗದು. ಹಸಿಮರದ ಪುಡಿ ಕೆಲವು ಬಡಗಿಗಳ ಮೈಗೆ ಆಗುವುದಿಲ್ಲ. ಚೆನ್ನಾಗಿ ಒಣಗಿದ ಹಳೇ ಮರವನ್ನು ಉಜ್ಜಿ, ಎರಡು ಮೂರು ಸಲ ಬಿಸಿನೀರಲ್ಲಿ ತೊಳೆದು ಬಳಸಬಹುದು.

ಹಲಸು: ಪಾಪದ ಮರ, ವೀಣೆಗೆ ಆಗುವಂಥದ್ದು. ಆದರೆ ಬಿಸಿನೀರಿಗೆ ಹಳದಿ ಬಣ್ಣ ಬಿಡುತ್ತದೆ. ಬೌದ್ಧ ಭಿಕ್ಷುಗಳ ಕಾವಿ ಬಟ್ಟೆಗೆ ಹಿಂದೆ ಬಣ್ಣ ತೆಗೆಯುತ್ತಿದ್ದುದು ಇದರ ಚೇಗಿನಿಂದಲೇ. ನಿಮ್ಮ ಬಿಳಿ ಟವೆಲಿಗೆ ಆಸೆ ಬಿಡಬೇಕಷ್ಟೆ.

ಹೊನ್ನೆ: ಗಟ್ಟಿ ಮರ, ಇದೂ ಬಣ್ಣ ಬಿಡುತ್ತದೆ. ಸಕ್ಕರೆ ಕಾಯಿಲೆಯವರು ಹೊನ್ನೆಮರದ ಲೋಟದಲ್ಲಿ ನೀರಿಟ್ಟು ಕುಡಿಯುವುದನ್ನು ನೋಡಿರುತ್ತೀರಿ. ಆ ನೀರಿನ ಬಣ್ಣ ನೋಡಿದರೇ ತಿಳಿಯುತ್ತದೆ.

ನೇರಳೆ: ನೀರಿನಲ್ಲಿ ಬಾಳುವ ಮರ ಎಂದು ಹಿರಿಯರಿಂದ ಹೆಸರು ಪಡೆದಿದೆ. ಸರಿಯಾಗಿ ಒಣಗಿಸದಿದ್ದರೆ ಸೊಟ್ಟಗಾಗುತ್ತದೆ.

ಬೇವು: ಉಗಿ ಪೆಟ್ಟಿಗೆಗೆ ಬಳಕೆಯಲ್ಲಿರುವ ಮರ. ಹುಳು ಹಿಡಿಯುವುದು ಕಡಿಮೆ. ಮೊದಲ ಕೆಲವು ಸಲ ಕಹಿ ವಾಸನೆ ಬರುತ್ತದೆ.

ಇನ್ನು ಪ್ಲೈವುಡ್. ಇದು ಮರಕ್ಕಿಂತ ಅಂಟಿನ ಪ್ರಶ್ನೆ. ಎಂ.ಆರ್. ಎಂದು ಬರೆದಿರುವ ಅಗ್ಗದ ಹಲಗೆಗೆ ಯೂರಿಯಾ ಸೇರಿದ ಅಂಟು ಹಾಕಿರುತ್ತಾರೆ. ಕಾವು, ತೇವ ಎರಡೂ ಸೇರಿದರೆ ಆ ಅಂಟು ಒಡೆದು ಫಾರ್ಮಾಲ್ಡಿಹೈಡ್ ಎಂಬ ಗಾಳಿ ಬಿಡುತ್ತದೆ. ಕಣ್ಣುರಿ, ಗಂಟಲುರಿ ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಸಾರಿತು. ಪ್ಲೈವುಡ್ಡೇ ಬೇಕೆಂದರೆ ಐ.ಎಸ್. 710 ಗುರುತಿನ ಮೆರೈನ್ ಹಲಗೆ ಕೇಳಿ. ಅದರ ಫೀನಾಲ್ ಅಂಟು ಕುದಿನೀರಿಗೂ ಬಿಡುವುದಿಲ್ಲ. ಅದೂ ಹೊರಮೈಗೆ ಸಾಕು, ಒಳಗೆ ಬೇಡ.

ಹಳೆಯ ರೈಲ್ವೆ ಸ್ಲೀಪರ್ ಮರ ಸಿಕ್ಕಿತೆಂದು ಹಿಗ್ಗಬೇಡಿ. ಅದಕ್ಕೆ ಕುಡಿಸಿರುವ ಡಾಂಬರಿನಂಥ ಕ್ರಿಯೋಸೋಟ್ ಎಣ್ಣೆ ಚರ್ಮಕ್ಕೂ ಉಸಿರಿಗೂ ವಿಷ. ಹಸಿರು ಛಾಯೆಯ, ಗೆದ್ದಲು ಔಷಧಿ ಕುಡಿದ ಕಂಬ, ಹಲಗೆಗಳಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರಬಹುದು. ಅದನ್ನು ಸುಟ್ಟರಂತೂ ಹೊಗೆ, ಬೂದಿ ಎರಡೂ ವಿಷವೇ. ಯಾವ ಮರವೆಂದೇ ತಿಳಿಯದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಜಾತಿ ಗುರುತಿಸುವ ಬಲ್ಲವರು ಅಲ್ಲಿದ್ದಾರೆ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಚಾರ್ರು ಹಿತ್ತಲಿಗೆ ಹೋಗಿ ಹಂಡೆ ಒಲೆ ನೋಡಿ, "ಇದಕ್ಕೇನು ಹಾಕ್ತೀರಕ್ಕಾ?" ಅಂದರು. ತೆಂಗಿನ ಮಟ್ಟೆ, ಕರಟ, ಜಾಲಿ ಸೌದೆ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಜ ಬಾಯಿಗೆ ಬಂತು. ಹಳೇ ಮನೆ ಕೆಡವಿದಾಗ ಉಳಿದ ಕಿಟಕಿ ಬಾಗಿಲು ಚೂರುಗಳನ್ನು ಒಂದು ವರ್ಷ ಪೂರ್ತಿ ಅದೇ ಒಲೆಗೆ ಹಾಕಿದ್ದೆ. ಎಲ್ಲಕ್ಕೂ ಹಳೇ ಕಾಲದ ಎಣ್ಣೆ ಬಣ್ಣ ಬಳಿದಿತ್ತು. ಆ ಬೂದಿಯಲ್ಲೇ ಪಾತ್ರೆ ತಿಕ್ಕಿದ್ದೆ. ಮಿಕ್ಕಿದ್ದನ್ನು ಸೊಪ್ಪಿನ ಮಡಿಗೆ ಎರಚಿದ್ದೆ.

ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 10 ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸೀಸ ಸುಟ್ಟರೆ ಹೋಗುವುದಿಲ್ಲ. ಹೊಗೆಯಲ್ಲಿ ಸ್ವಲ್ಪ, ಬೂದಿಯಲ್ಲಿ ಬಹುಪಾಲು ಉಳಿಯುತ್ತದೆ. ಎಲ್ಲರಿಗೂ ಕೆಟ್ಟದ್ದು, ಚಿಕ್ಕಮಕ್ಕಳ ಮಿದುಳಿಗೆ ಮಾತ್ರ ಬಹಳವೇ ಕೆಟ್ಟದ್ದು. ಆಗ ನನ್ನ ಮಕ್ಕಳಿಬ್ಬರೂ ಸಣ್ಣವರು. ಹಲಗೆ ವಿಷಯಕ್ಕೆ ಗಂಡನಿಗೆ ಬುದ್ಧಿ ಹೇಳಿದವಳು ನಾನೇ, ವರ್ಷಗಟ್ಟಲೆ ಮೊದಲು ಇದನ್ನು ಮಾಡಿದವಳೂ ನಾನೇ. ದೇವರ ದಯೆ, ಮಕ್ಕಳು ಚೆನ್ನಾಗಿದ್ದಾರೆ. ಆದರೂ ನೆನೆದರೆ ಎದೆ ಚುರುಕ್ಕೆನ್ನುತ್ತದೆ. ಆ ಮಾತನ್ನು ಆ ದಿನ ನಮ್ಮವರಿಗೂ ಹೇಳಿದೆ. "ಗೊತ್ತಿಲ್ಲದೆ ಮಾಡಿದ್ದು, ಬಿಡು" ಅಂದರು. ಹಿಂದಿನ ದಿನದ ಮಾತಿಗೆ ಅದೇ ಅವರ ಸಮಾಧಾನ ಅಂತ ನಾನೂ ತಿಳಿದುಕೊಂಡೆ.

ಆದ್ದರಿಂದ ಅಕ್ಕತಂಗಿಯರೇ, ಬಣ್ಣ ಬಳಿದ ಮರ, ಪಾಲಿಶ್ ಮಾಡಿದ ಮರ, ಪ್ಲೈವುಡ್ ಚೂರು, ಕಣಗಿಲೆ ಕಡ್ಡಿ, ಇವನ್ನು ಹಂಡೆ ಒಲೆಗೆ ಹಾಕಬೇಡಿ. ಕಣಗಿಲೆ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಬಾಣಂತಿಗೆ ನೀರು ಕಾಯಿಸುವ ಮನೆಯಲ್ಲಂತೂ ಎರಡು ಪಟ್ಟು ಎಚ್ಚರ. ಮರ ಯಾವುದೇ ಆಗಲಿ, ಮುಚ್ಚಿದ ಬಚ್ಚಲಲ್ಲಿ ಕೆಂಡ ಉರಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ, ವಾಸನೆ ಇಲ್ಲ. ನಿದ್ದೆ ಬಂದಹಾಗಾಗಿ ಜೀವವೇ ಹೋಗುತ್ತದೆ. ಹೊಗೆಗೂಡು, ಬೆಳಕಿಂಡಿ ಮುಚ್ಚಬೇಡಿ.

ನಮ್ಮ ಹಿಂದಿನವರಿಗೆ ಇದೆಲ್ಲಾ ಗೊತ್ತಿತ್ತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 14ನೆಯ ಅಧ್ಯಾಯ ಬೆವರಿಸುವ ಚಿಕಿತ್ಸೆಗೇ ಮೀಸಲು. ಬೆಂಕಿಯ ಕಾವಿನಿಂದ ಬೆವರಿಸುವ 13 ಬಗೆಗಳನ್ನು ಅಲ್ಲಿ ಹೇಳಿದೆ. ಅದರಲ್ಲಿ ಜೇಂತಾಕ ಎಂಬುದು ಹೆಚ್ಚು ಕಡಿಮೆ ಸೌನಾವೇ. ಮಣ್ಣಿನ ಗುಂಡು ಕೋಣೆ, ಹಲವು ಕಿಟಕಿ, ನಡುವೆ ಒಲೆ. ಅದಕ್ಕೆ ಖದಿರ, ಎಂದರೆ ಕಾಚು ತೆಗೆಯುವ ಕಗ್ಗಲಿ ಮರ, ಇಲ್ಲವೇ ಅಶ್ವಕರ್ಣ ಮುಂತಾದ ಮರದ ಸೌದೆ ಹಾಕಬೇಕು. ಸೌದೆ ಚೆನ್ನಾಗಿ ಉರಿದು, ಹೊಗೆಯೆಲ್ಲ ಹೋದ ಮೇಲೆಯೇ ರೋಗಿಯನ್ನು ಒಳಗೆ ಬಿಡಬೇಕು. ಸೌದೆಯ ಹೆಸರು, ಕಿಟಕಿ, ಹೊಗೆ ಹೋಗುವ ಹೊತ್ತು, ಎಲ್ಲಕ್ಕೂ ಲೆಕ್ಕವಿದೆ ನೋಡಿ.

ಕೊನೆಗೆ ನಮ್ಮ ಪೆಟ್ಟಿಗೆ ಆಯಿತೇ? ಆಯಿತು. ಗುಬ್ಬಿ ಹತ್ತಿರ ನನ್ನ ತವರಿನ ಹೊಲದಲ್ಲಿ ಮಳೆಗಾಳಿಗೆ ಬಿದ್ದ ಬೇವಿನ ಮರವನ್ನು ಕುಯ್ಯಿಸಿ, ಅಣ್ಣ ಎರಡು ವರ್ಷದಿಂದ ಕೊಟ್ಟಿಗೆಯಲ್ಲಿ ಒಣಗಿಸಿಟ್ಟಿದ್ದ. ಬಣ್ಣವಿಲ್ಲ, ಔಷಧಿಯಿಲ್ಲ, ಹುಟ್ಟಿದ ಜಾಗವೇ ಗೊತ್ತಿರುವ ಮರ. ಕೇಳಿದ ಕೂಡಲೇ ಕೊಟ್ಟ. ಆಚಾರ್ರು ನಾಲ್ಕು ದಿನದಲ್ಲಿ ಮಾಡಿಕೊಟ್ಟರು.

ಮಾಡಿಸುವವರು ಈ ಕೆಳಗಿನ ಮಾತು ನೆನಪಿಡಿ:

1. ಒಳಮೈಗೆ ಬಣ್ಣ, ವಾರ್ನಿಶ್, ಪಾಲಿಶ್ ಯಾವುದೂ ಬೇಡ. ನಯವಾಗಿ ಉಜ್ಜಿಸಿ, ಸಿಬಿರು ಇರದಂತೆ ಕೈಯಾಡಿಸಿ ನೋಡಿ. ಉಜ್ಜುವಾಗ ಬಡಗಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಮರದ ಪುಡಿ ಉಸಿರಿಗೆ ಕೆಟ್ಟದ್ದು.

2. ಮೊಳೆಯ ತಲೆ ಮರದೊಳಗೆ ಇಳಿದಿರಬೇಕು. ಕಾದ ಮೊಳೆ ಬರೆ ಹಾಕುತ್ತದೆ.

3. ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗಿನಿಂದ ತಳ್ಳಿದರೆ ಸಾಕು ಅನ್ನುವಂತಿರಬೇಕು. ಚಿಲಕ, ಅಗುಳಿ ಬೇಡವೇ ಬೇಡ.

4. ಉಗಿ ಮಾಡುವ ವಿದ್ಯುತ್ ಪಾತ್ರೆ ಪೆಟ್ಟಿಗೆಯ ಹೊರಗಿರಲಿ, ಅರ್ತಿಂಗ್ ಸರಿಯಿರಲಿ. ಉಗಿ ಬರುವ ಕೊಳವೆಯ ಬಾಯಿ ಕಾಲಿಗೆ ನೇರ ತಾಗದಂತೆ ಅಡ್ಡಹಲಗೆ ಇಡಿಸಿ. ಕುಕ್ಕರಿಗೆ ಕೊಳವೆ ಸಿಕ್ಕಿಸುವ ಸಾಹಸ ಬೇಡ.

5. ಮೊದಲ ಮೂರು ದಿನ ಯಾರನ್ನೂ ಕೂರಿಸದೆ ಬರಿದೇ ಉಗಿ ಬಿಟ್ಟು, ಒರೆಸಿ, ಬಾಗಿಲು ತೆಗೆದು ಒಣಗಿಸಿ. ಆಮೇಲೂ ಪ್ರತಿಸಲ ಒಣಗಿಸಲೇಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

6. ಕೂರುವ ಮುಂಚೆ ಹಲಗೆಯ ಮೇಲೆ ಒಗೆದ ಹತ್ತಿ ಬಟ್ಟೆ ಹಾಸಿ.

7. ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಕೂರಬಾರದು. ಹತ್ತು ನಿಮಿಷಕ್ಕೆ ಮೇಲೆ ಬೇಡ. ಪಕ್ಕದಲ್ಲಿ ಒಬ್ಬರು ಇದ್ದೇ ಇರಬೇಕು.

ನಮ್ಮ ಅತ್ತೆಯನ್ನು ಡಾಕ್ಟರಿಗೆ ತೋರಿಸಿ, ಅವರು ಸರಿ ಅಂದ ಮೇಲೆಯೇ ಕೂರಿಸಿದ್ದು. ವಾರಕ್ಕೆರಡು ಸಲ, ಎಂಟು ನಿಮಿಷ. ನಮ್ಮವರು ಗಡಿಯಾರ ಹಿಡಿದು ಎದುರಿಗೆ ಕೂರುತ್ತಾರೆ. ಮಂಡಿ ಪೂರ್ತಿ ವಾಸಿಯಾಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಹೊರಗೆ ಬಂದ ಕೂಡಲೇ ಒಂದು ಲೋಟ ನೀರು ಮಜ್ಜಿಗೆ, ಚಿಟಿಕೆ ಉಪ್ಪು, ಚೂರು ಶುಂಠಿ, ಕರಿಬೇವು ಹಾಕಿ ಕೊಡುತ್ತೇನೆ. ಮೊನ್ನೆ ಕುಡಿದು ಲೋಟ ಕೆಳಗಿಟ್ಟು, "ಪೆಟ್ಟಿಗೆ ನಿನ್ನ ತವರಿನ ಬೇವಿಂದು, ಅದಕ್ಕೇ ತಂಪು ಕಣೇ" ಅಂದರು. ಉಗಿ ಪೆಟ್ಟಿಗೆ ತಂಪಾಗುವುದುಂಟೇ? ಆದರೂ ನನಗೆ ಆ ಮಾತು ಹಿತವಾಯಿತು.

ನಿಮ್ಮ ಹಿತ್ತಲಲ್ಲೂ ಹಳೇ ಬಾಗಿಲು, ಕಿಟಕಿ ಚೂರು ಸೌದೆಯ ರಾಶಿಗೆ ಸೇರಿಕೊಂಡಿದ್ದರೆ ಇವತ್ತೇ ಆರಿಸಿ ಬೇರೆ ಇಡಿ. ಮುಂದಿನ ಸಲ ಮಳೆಗಾಲದಲ್ಲಿ ಬೇಳೆಕಾಳಿಗೆ ಹುಳು ಬಾರದಂತೆ ಇಡುವ ಬಗೆ ಹೇಳುತ್ತೇನೆ. ಅಲ್ಲಿಯವರೆಗೆ ಬರಲೇ?